ಪ್ರಾರ್ಥನೆಯಾದವರು

ನಮ್ಮೂರಿನಲ್ಲಿ ಭಾನುವಾರ ಯಾರ ಹೆಸರು ಹೇಳಿ ಪ್ರಾರ್ಥಿಸುತ್ತಾರೋ, ಸೋಮವಾರ ಅವರ ಕೆಲಸ ಹೋಗುತ್ತದೆ.

ಉತ್ಪ್ರೇಕ್ಷೆಯಲ್ಲ. ಲೆನಾಳ ಕೆಮ್ಮಿಗೆ ಪ್ರಾರ್ಥಿಸಿದರು, ಹೋದಳು. ಅದ್ರಿಯಾನಾಳ ಸೊಂಟಕ್ಕೆ ಪ್ರಾರ್ಥಿಸಿದರು, ಅವಳೂ ಹೋದಳು. ಮಾಯ್ಕೆಗೆ ಇನ್ನೂ ಇಪ್ಪತ್ತಾರು. ಚರ್ಚಿನ ಬಾಗಿಲಲ್ಲಿ "ಹೇಗಿದ್ದೀಯಮ್ಮಾ?" ಎಂದು ಕೇಳಿದ್ದಕ್ಕೆ "ಸ್ವಲ್ಪ ಸುಸ್ತು" ಎಂದುಬಿಟ್ಟಳು, ಪೆದ್ದಿ. ಮುಂದಿನ ಭಾನುವಾರ ಅವಳ ಸುಸ್ತಿಗೂ ಪ್ರಾರ್ಥನೆಯಾಯಿತು.

ನಾನು ಕ್ರಿನಾ. ಈಸಾಕ್ ಬೋಗಾರ್ಡನ ಕಾರ್ಖಾನೆಯಲ್ಲಿ ಮೀನು ಸೀಳುವವಳು. ಶನಿವಾರ ಮಧ್ಯಾಹ್ನ ಚರ್ಚಿನ ನೆಲ ಒರೆಸುವವಳೂ ನಾನೇ. ಊರಿನ ಎರಡು ದೊಡ್ಡ ಜಾಗಗಳ ಕೊಳೆ ನನಗೆ ಗೊತ್ತು.

ನಮ್ಮ ಕೆಲಸ ಹೇಗೆಂದರೆ, ಮುಂದೆ ಐಸುನೀರಿನ ತೊಟ್ಟಿ. ಅದರೊಳಗೆ ಚಪ್ಪಟೆ ಮೀನು. ಎಡಗೈ ಹಾಕಿ ಎತ್ತಬೇಕು, ಬಲಗೈಯಲ್ಲಿ ಸೀಳಬೇಕು, ಸೀಳಿದ್ದನ್ನು ಎರಡೂ ಕೈ ಮುಳುಗಿಸಿ ಜಾಲಾಡಬೇಕು. ಎಷ್ಟು ಹೊತ್ತು? ಗಡಿಯಾರ ಇರುವುದು ಧಣಿಯ ಕೋಣೆಯಲ್ಲಿ. ನಮಗೆ ಯೇಸು ಕಲಿಸಿದ ಪ್ರಾರ್ಥನೆಯೇ ಗಡಿಯಾರ. ಅದನ್ನು ಮೊದಲಿನಿಂದ ಆಮೆನ್ ತನಕ ಮನಸ್ಸಿನಲ್ಲಿ ಹೇಳಿ ಮುಗಿಸುವವರೆಗೆ ಕೈ ನೀರೊಳಗಿರಬೇಕು. ಮೊದಲೇ ತೆಗೆದರೆ ಮೀನಿನಲ್ಲಿ ರಕ್ತ ಉಳಿಯುತ್ತದೆ, ಧಣಿ ತಿರುಗಿ ತೊಟ್ಟಿಗೆ ಎಸೆಯುತ್ತಾನೆ. ಹೊಸಬರಿಗೆ ನಾವು ಕೆಲಸ ಕಲಿಸುವುದೇ ಹೀಗೆ. ದಿನಕ್ಕೆ ಮುನ್ನೂರು ಸಲ ಆಗುತ್ತದೆ. ನಮ್ಮಷ್ಟು ಪ್ರಾರ್ಥನೆ ಪಾದ್ರಿಯೂ ಮಾಡುವುದಿಲ್ಲ.

ಐದನೆಯ ಚಳಿಗಾಲಕ್ಕೆ ಬೆರಳುಗಳು ಚಾಕುವಿನ ಹಿಡಿಗೆ ತಕ್ಕಂತೆ ಬಾಗುತ್ತವೆ. ಹತ್ತನೆಯ ಚಳಿಗಾಲದ ಹೊತ್ತಿಗೆ ಮತ್ತೆ ನೆಟ್ಟಗಾಗುವುದಿಲ್ಲ. ಆಗಾಗ ಕೈ ಅದ್ದಿಕೊಳ್ಳಲು ಒಂದು ಬಕೆಟ್ ಬಿಸಿನೀರು ಕೊಡಿ ಎಂದು ಮೂರು ವರ್ಷ ಕೇಳಿದೆವು.

"ಬಿಸಿನೀರಿನ ಹಬೆಗೆ ಮೀನು ಹಳಸುತ್ತಮ್ಮಾ" ಅಂದ ಈಸಾಕ್.

ಕೈ ಹಳಸಿದರೆ ಪರವಾಗಿಲ್ಲ. ಕೈಗೆ ಪ್ರಾರ್ಥನೆ ಇದೆಯಲ್ಲ.

ಈ ಈಸಾಕ್ ಬೋಗಾರ್ಡ್ ಕಾರ್ಖಾನೆಗೆ ಧಣಿ, ಚರ್ಚಿಗೆ ಸಭೆಯ ಹಿರಿಯ. ಒಂದೇ ಕಪ್ಪು ಕೋಟು ಎರಡಕ್ಕೂ. ಅವನು ಬೈಯುವವನಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಯಾರ ಕೈ ನಿಧಾನವಾಯಿತೋ ಅವರ ಮೇಜಿನ ಹತ್ತಿರ ಬರುತ್ತಾನೆ. ಒದ್ದೆ ಕೈಯನ್ನು ತನ್ನ ಎರಡು ಬೆಚ್ಚನೆಯ ಕೈಗಳ ನಡುವೆ ಹಿಡಿದುಕೊಳ್ಳುತ್ತಾನೆ. ಕಣ್ಣು ಮುಚ್ಚುತ್ತಾನೆ. "ಅಯ್ಯೋ ಪಾಪ, ಎಷ್ಟು ತಣ್ಣಗಿದೆ" ಅನ್ನುತ್ತಾನೆ. ತಣ್ಣಗೆ ಮಾಡಿದ ಐಸು ಅವನದೇ. ಶನಿವಾರ ಸಂಜೆ ಚರ್ಚಿಗೆ ಹೋಗಿ ಪುಸ್ತಕದಲ್ಲಿ ಬರೆಯುತ್ತಾನೆ. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಬುಟ್ಟಿ ಹಿಡಿದು ನಿಂತಿರುತ್ತಾನೆ. ಬುಟ್ಟಿಯಲ್ಲಿ ಒಂದು ಮೇಣದಬತ್ತಿ, ಒಂದು ಡಬ್ಬಿ ಬಿಸ್ಕತ್ತು, ದುಃಖದಲ್ಲಿರುವವರು ಓದಬೇಕಾದ ಒಂದು ಚಿಕ್ಕ ಹೊತ್ತಗೆ. "ಇಡೀ ಸಭೆ ನಿನಗಾಗಿ ಪ್ರಾರ್ಥಿಸಿದೆ, ತಂಗೀ. ಇನ್ನು ವಿಶ್ರಾಂತಿ ತಗೋ."

ಹೀಗಾಗಿ ನಾವು ಅವನ ಕನಿಕರಕ್ಕೆ ಹೆದರುತ್ತಿದ್ದೆವು. ಅವನು ಬಾಗಿಲಿಗೆ ಬಂದರೆ ಸಾಕು, ಕೆಮ್ಮು ನುಂಗುತ್ತಿದ್ದೆವು. ಕುಂಟುವವರು ನೆಟ್ಟಗೆ ನಡೆಯುತ್ತಿದ್ದರು. ಚರ್ಚಿಗೆ ಹೊರಡುವ ಮುಂಚೆ ಬೀಟ್‌ರೂಟಿನ ಹೋಳಿನಿಂದ ಕೆನ್ನೆ ಉಜ್ಜಿಕೊಂಡು ಬರುತ್ತಿದ್ದೆವು. ಇಷ್ಟು ಆರೋಗ್ಯವಂತ ಹೆಂಗಸರನ್ನು ನೀವು ಇಡೀ ಕರಾವಳಿಯಲ್ಲಿ ನೋಡಿರಲಿಕ್ಕಿಲ್ಲ.

ಪುಸ್ತಕದ ವಿಷಯ ಹೇಳಬೇಕು. ಅದನ್ನು ನಾನು ಗೇಲಿ ಮಾಡುವುದಿಲ್ಲ. ಚರ್ಚಿನ ಬಾಗಿಲ ಪಕ್ಕ ಒಂದು ಪುಟ್ಟ ಮೇಜು, ಅದರ ಮೇಲೆ ಕಪ್ಪು ರಟ್ಟಿನ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ಸಿಲು. ಯಾರಿಗೆ ಕಷ್ಟವಿದೆಯೋ ಅವರ ಹೆಸರು ಯಾರು ಬೇಕಾದರೂ ಬರೆಯಬಹುದು. ಉಪದೇಶದ ಪ್ರಸಂಗ ಮುಗಿಸಿದ ಮೇಲೆ ಪಾದ್ರಿ ಅದನ್ನು ಗಟ್ಟಿಯಾಗಿ ಓದುತ್ತಾರೆ, ಸಭೆ ಆಮೆನ್ ಅನ್ನುತ್ತದೆ. ನನ್ನ ಗಂಡನ ದೋಣಿ ವಾಪಸ್ಸು ಬರದೆ ಹೋದಾಗ ನಾಲ್ಕು ನೂರು ಜನ ಅವನ ಹೆಸರಿಗೆ ಒಟ್ಟಿಗೆ ಆಮೆನ್ ಅಂದರು. ಆ ಸದ್ದು ನನ್ನನ್ನು ಎಷ್ಟೋ ದಿನ ಹಿಡಿದು ನಿಲ್ಲಿಸಿತು. ಅಂಥ ಪುಸ್ತಕವನ್ನು ಈ ಮನುಷ್ಯ ಕೆಲಸದಿಂದ ತೆಗೆಯುವ ಚೀಟಿ ಮಾಡಿಕೊಂಡನಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಗಂಡ ಹೋದ ಆ ವಾರ ಈಸಾಕ್ ಒಂದೂವರೆ ಗಂಟೆ ನನ್ನ ಮನೆಯಲ್ಲಿ ಕೂತು ದೇವರ ಚಿತ್ತವನ್ನು ವಿವರಿಸಿದ್ದ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಪೀಟರ್ನೆಲ್ಲಾ ಬಂದಳು, ಒಂದು ಮಾತೂ ಆಡಲಿಲ್ಲ. ಆಲೂಗಡ್ಡೆ ಸುಲಿದಳು, ಬೇಯಿಸಿದಳು, ನನ್ನ ಮಗಳ ಬಟ್ಟೆ ಒಗೆದು ಹರವಿದಳು. ಹೊರಡುವಾಗ ನನ್ನ ಹಣೆ ಮೇಲೆ ಕೈಯಿಟ್ಟು ಒಂದು ಸಾಲು ಪ್ರಾರ್ಥನೆ ಹೇಳಿದಳು. ಹದಿನೈದು ದಿನ ಹಾಗೇ ಬಂದಳು. ಅವಳನ್ನು ಅಕ್ಕ ಅಂತ ಕರೆಯಲು ನನಗೆ ಬೇರೆ ಕಾರಣ ಬೇಕಾಗಿಲ್ಲ.

ಪೀಟರ್ನೆಲ್ಲಾ ನಮ್ಮೆಲ್ಲರಿಗಿಂತ ಹಿರಿಯಳು. ಕಡಲ ಕಟ್ಟೆ ಒಡೆದು ಊರಿಗೆ ನೀರು ನುಗ್ಗಿದ ವರ್ಷ ಕೆಲಸಕ್ಕೆ ಸೇರಿದವಳು, ಇಪ್ಪತ್ತು ಚಳಿಗಾಲ ಕಳೆದಿದ್ದಾಳೆ. ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ಕಾರ್ಖಾನೆಯ ಹಿಂದಿನ ಸಾಲುಮನೆಯಲ್ಲಿ. ಆ ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುತ್ತದೆ. ಆಮೇಲೆ ಉಳಿಯುವುದು ಚರ್ಚಿನ ದೀನರ ಮನೆ. ಅಲ್ಲಿ ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಮಲಗಬೇಕು, ಊಟಕ್ಕೆ ಮುಂಚೆ ದಾನಿಗಳ ಹೆಸರು ಒಂದೊಂದೇ ಹೇಳಿ ಕೃತಜ್ಞತೆ ಸಲ್ಲಿಸಬೇಕು. ಮೊದಲ ಹೆಸರು ಬೋಗಾರ್ಡ್.

"ಅವನ ಹೆಸರು ಹೇಳಿ ಆಲೂಗಡ್ಡೆ ನುಂಗೋ ಬದ್ಲು ಕಡಲ ಕಟ್ಟೆ ಹತ್ತಿ ಆಚೆಗೆ ಇಳೀತೀನಿ ಕಣೇ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ಆದರೆ ಅವಳು ಸುಮ್ಮನೆ ಮಾತಾಡುವವಳಲ್ಲ ಎಂದು ನನಗೆ ಗೊತ್ತಿತ್ತು.

ಜನವರಿಯ ಒಂದು ಶುಕ್ರವಾರ ಈಸಾಕ್ ಅವಳ ಕೈ ಹಿಡಿದ.

ನಾನು ಪಕ್ಕದಲ್ಲೇ ಇದ್ದೆ. ಇಪ್ಪತ್ತೆರಡು ಚಾಕುಗಳು ಒಟ್ಟಿಗೆ ನಿಂತವು. ಅವನು ಕಣ್ಣು ಮುಚ್ಚಿದ. "ಅಯ್ಯೋ ಪಾಪ, ಎಷ್ಟು ತಣ್ಣಗಿದೆ" ಅಂದ.

"ಧಣಿ, ಮೀನಿಂದು ಹಿಡ್ಕೊಂಡು ನೋಡಿ, ಇನ್ನೂ ತಣ್ಣಗಿದೆ" ಅಂದಳು ಪೀಟರ್ನೆಲ್ಲಾ.

ಅವನು ನಗಲಿಲ್ಲ. ಕೈ ಮೆಲ್ಲಗೆ ತಟ್ಟಿ ಹೋದ. ಯಾವತ್ತೂ ಶನಿವಾರದ ತನಕ ಕಾಯುತ್ತಿದ್ದವನು ಈ ಸಲ ಅವತ್ತೇ ಸಂಜೆ ಬರೆದಿದ್ದ. ಮಾರನೆಯ ಮಧ್ಯಾಹ್ನ ನಾನು ನೆಲ ಒರೆಸಲು ಹೋದಾಗ ಪುಸ್ತಕ ತೆರೆದು ನೋಡಿದೆ. ಅವನ ದುಂಡು ಅಕ್ಷರ: "ನಮ್ಮ ಸಹೋದರಿ ಪೀಟರ್ನೆಲ್ಲಾ. ಕೈಗಳು ದಣಿದಿವೆ. ಭಾರ ಹೊರುವ ಶಕ್ತಿ ಕುಂದಿದೆ. ಕರ್ತನೇ, ಆಕೆಗೆ ವಿಶ್ರಾಂತಿ ದಯಪಾಲಿಸು."

ಬಕೆಟ್ ಅಲ್ಲೇ ಬಿಟ್ಟು ಸಾಲುಮನೆಗೆ ಓಡಿದೆ. ಪೀಟರ್ನೆಲ್ಲಾ ಬಟಾಣಿ ಸಾರು ಕದಡುತ್ತಿದ್ದಳು. ಸೌಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಬೆರಳಲ್ಲಿ ಹಿಡಿಯಲು ಅವಳಿಗೆ ಬರುವುದಿಲ್ಲ.

"ಬರ್ದಿದಾನೆ ಅಕ್ಕಾ. ನಾನು ಆ ಹಾಳೆ ಹರಿದು ಒಲೆಗೆ ಹಾಕ್ತೀನಿ."

"ಹುಚ್ಚುಮುಂಡೆ, ದೇವರ ಪುಸ್ತಕ ಅದು. ಹರೀಬಾರ್ದು." ಒಂದು ಗುಟುಕು ರುಚಿ ನೋಡಿದಳು, ಉಪ್ಪು ಹಾಕಿದಳು. "ಕೆಳಗೆ ಜಾಗ ಐತಾ?"

"ಯಾತರ ಕೆಳಗೆ?"

"ನನ್ ಹೆಸರಿನ ಕೆಳಗೆ ಕಣೇ. ಖಾಲಿ ಜಾಗ."

"ಎರಡು ಪುಟ ಖಾಲಿ ಇದೆ. ಯಾಕೆ?"

"ಧಣಿಗೆ ವಯಸ್ಸೆಷ್ಟು?"

"ಅರವತ್ತೇಳು."

"ನಂಗೆ ಐವತ್ತೆಂಟು. ನಾನೇ ದಣಿದಿದ್ರೆ ಆ ಬಡಪಾಯಿ ಎಷ್ಟು ದಣಿದಿರಬೇಡ? ಅವನಿಗೆ ಯಾರೂ ಪ್ರಾರ್ಥನೆ ಮಾಡೋರೇ ಇಲ್ವಲ್ಲೇ, ಪಾಪ."

ನಾನು ಅವಳ ಮುಖ ನೋಡಿದೆ. ಅವಳು ಸಾರು ನೋಡುತ್ತಿದ್ದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಿಮಗೆ ಇನ್ನೊಂದು ವಿಷಯ ಗೊತ್ತಿರಬೇಕು. ಹಿಂದಿದ್ದ ಪಾದ್ರಿ ಒಮ್ಮೆ ಪುಸ್ತಕದಲ್ಲಿದ್ದ ಎರಡು ಸಾಲು ಬಿಟ್ಟು ಓದಿದ್ದರು. ಪಟ್ಟಣಕ್ಕೆ ಹೋಗಿ ಕುಣಿದು ಬಂದ ಮೂರು ಹುಡುಗಿಯರ ಹೆಸರು ಅದರಲ್ಲಿತ್ತು, ಬರೆದವನು ಈಸಾಕ್. ಅವನು ಸಭೆ ಸೇರಿಸಿ ರಂಪ ಮಾಡಿದ. ಬರೆದದ್ದು ದೇವರಿಗೆ, ಪಾದ್ರಿಗಲ್ಲ. ಯಾರೇ ಬರೆಯಲಿ, ಏನೇ ಬರೆಯಲಿ, ಒಂದಕ್ಷರ ಬಿಡದೆ ಓದಬೇಕು ಎಂದು ಕಟ್ಟಳೆ ಮಾಡಿಸಿದ. ಆ ಪಾದ್ರಿ ಬೇಸತ್ತು ಊರು ಬಿಟ್ಟರು. ಈಗಿರುವವರು ವೆರ್ಹಾಗೆ ಎಂಬ ಎಳೆಯ ಪಾದ್ರಿ. ಕಟ್ಟಳೆಯನ್ನು ಚೌಕಟ್ಟು ಹಾಕಿಸಿ ಅವರ ಮೇಜಿನ ಎದುರಿಗೇ ನೇತುಹಾಕಿದ್ದಾರೆ. ಅದರ ಧೂಳು ಒರೆಸುವವಳೂ ನಾನೇ.

ಇಬ್ಬರೂ ಚರ್ಚಿಗೆ ಹೋದೆವು. ನಾನು ಬರೆಯುತ್ತೇನೆ ಅಂದೆ. ಪೀಟರ್ನೆಲ್ಲಾ ಕೊಡಲಿಲ್ಲ. ಪೆನ್ಸಿಲನ್ನು ಚಾಕು ಹಿಡಿದಂತೆ ಹಿಡಿದಳು.

"ಸುಳ್ಳು ಬರೀಬಾರ್ದು. ಪ್ರಾರ್ಥನೆ ಇದು. ಅವನು ಮೆಟ್ಲು ಹತ್ತುವಾಗ ಏದುಸಿರು ಬಿಡೋದು ನಿಜ ತಾನೇ?"

"ನಿಜ."

"ಪ್ರಸಂಗದಲ್ಲಿ ನಿದ್ದೆ ಹೋಗೋದು?"

"ಬಾಯಲ್ಲಿ ಪೆಪ್ಪರ್ಮೆಂಟ್ ಇಟ್ಕೊಂಡೇ."

"ಅಳಿಯನ್ನ ಸತ್ತ ನಾಯಿ ಹೆಸರು ಹಿಡಿದು ಕರ್ದಿದ್ದು?"

"ಎರಡು ಸಲ. ನಾನೇ ಕೇಳಿದೀನಿ."

ಒಂದೊಂದು ಅಕ್ಷರ ಕೆತ್ತಿ ಬರೆದಳು. ಬೆವರಿದಳು. ಅರ್ಧ ಗಂಟೆಗೆ ಎಂಟು ಸಾಲು. ಮುಗಿಸಿ ಪೆನ್ಸಿಲಿಟ್ಟು ಕಣ್ಣು ಮುಚ್ಚಿ ನಿಜವಾಗಿಯೂ ಪ್ರಾರ್ಥಿಸಿದಳು. ಅವಳಿಗೆ ಅವನ ಮೇಲೆ ಕನಿಕರ ಇತ್ತೆಂದೇ ನಾನು ಈಗಲೂ ನಂಬಿದ್ದೇನೆ. ನನಗೆ ಇರಲಿಲ್ಲ.

ಅವತ್ತು ಸಾಯಂಕಾಲದೊಳಗೆ ಸುದ್ದಿ ಸಾಲುಮನೆಗಳಲ್ಲಿ ಹಬ್ಬಿತು. ಭಾನುವಾರ ಬೆಳಿಗ್ಗೆ ಪುಸ್ತಕದ ಮುಂದೆ ನಮ್ಮ ಹೆಂಗಸರ ಸಾಲು. ಬೀಟ್‌ರೂಟ್ ಹಚ್ಚದ ಕೆನ್ನೆಗಳು. ಈಸಾಕ್ ಒಳಗೆ ಬರುತ್ತಾ ನಮ್ಮನ್ನು ನೋಡಿ ನಿಂತ, ಅವನ ಕಣ್ಣು ಒದ್ದೆಯಾಯಿತು.

"ಎಷ್ಟು ಚೆಂದ! ಒಬ್ಬರಿಗೊಬ್ಬರು ಪ್ರಾರ್ಥಿಸೋದು ಕಲಿತ್ರಲ್ಲಮ್ಮಾ."

"ನೀವೇ ಕಲಿಸಿದ್ದು ಧಣಿ" ಅಂದೆ.

ಅವನ ಹೆಂಡತಿ ಡೀನಾ ಹಿಂದೆ ಉಳಿದಿದ್ದಳು. ಸಾಲಿನ ಕೊನೆಯಲ್ಲಿ ನಿಂತು, ಹಾಳೆ ಮೇಲೆ ಕಣ್ಣಾಡಿಸಿದಳು. ಅವಳು ಕೈಗವಸು ಕಳಚಿದಳು, ಪೆನ್ಸಿಲು ತೆಗೆದುಕೊಂಡಳು, ಏನೋ ಬರೆದಳು, ಗಂಡನ ಪಕ್ಕ ಹೋಗಿ ಕೂತಳು.

ನಮ್ಮಲ್ಲಿ ಪ್ರಸಂಗಕ್ಕೆ ಮೂರು ಭಾಗ, ಮೂರು ಭಾಗಕ್ಕೆ ಮೂರು ಪೆಪ್ಪರ್ಮೆಂಟು. ಚೀಲದಿಂದ ಚೀಲಕ್ಕೆ, ಕೈಯಿಂದ ಕೈಗೆ ಹೋಗುತ್ತವೆ. ಈಸಾಕ್ ಎರಡನೆಯದಕ್ಕೆ ನಿದ್ದೆಹೋದ. ಪಾದ್ರಿ ಪುಸ್ತಕ ತೆರೆದಾಗ ಡೀನಾ ಮೊಣಕೈಯಲ್ಲಿ ತಿವಿದು ಎಬ್ಬಿಸಿದಳು, ಯಾಕೆಂದರೆ ಪ್ರತಿ ಹೆಸರಿಗೂ ಮೊದಲ ಆಮೆನ್ ಅವನದು. ಹಿರಿಯನ ಹಕ್ಕು.

ಪಾದ್ರಿ ಓದಿದರು. "ನಮ್ಮ ಸಹೋದರಿ ಪೀಟರ್ನೆಲ್ಲಾ..."

"ಆಮೆನ್!" ಎಂದ ಈಸಾಕ್. ಸಭೆಯೂ ಅಂದಿತು.

ಪಾದ್ರಿ ಮುಂದಿನ ಸಾಲಿಗೆ ಬಂದು ತಡವರಿಸಿದರು. ಕನ್ನಡಕ ಸರಿಮಾಡಿಕೊಂಡರು. ಒಂದೇ ಉಸಿರಿನಲ್ಲಿ ಓದಿದರು.

"ನಮ್ಮ ಸಹೋದರ ಈಸಾಕ್ ಬೋಗಾರ್ಡ್. ಅರವತ್ತೇಳು ವರ್ಷ. ಮೆಟ್ಟಿಲಲ್ಲಿ ಉಸಿರು ಸಾಲದು. ನಿನ್ನ ವಾಕ್ಯ ಕೇಳುವಾಗ ಎಚ್ಚರವಿರದು. ಮನೆಯವರ ಹೆಸರು ನೆನಪಿರದು. ಕಾರ್ಖಾನೆಯ ಭಾರ ಹೊರುವ ಶಕ್ತಿ ಕುಂದಿದೆ. ಕರ್ತನೇ, ಆತನಿಗೆ ವಿಶ್ರಾಂತಿ ದಯಪಾಲಿಸು."

"ಆಮೆನ್!" ಎಂದ ಈಸಾಕ್, ಅಭ್ಯಾಸಬಲದಿಂದ, ಎಲ್ಲರಿಗಿಂತ ಗಟ್ಟಿಯಾಗಿ.

ಸಭೆಗೆ ಆಮೆನ್ ಅನ್ನಲು ಆಗಲಿಲ್ಲ. ಭಾನುವಾರ ಪ್ರಾರ್ಥನೆಯಾದರೆ ಸೋಮವಾರ ಏನಾಗುತ್ತದೆಂದು ಊರಿಗೆಲ್ಲ ಗೊತ್ತು. ನಾನೂರು ತಲೆ ಅವನ ಕಡೆ ತಿರುಗಿದವು. ಯಾರೋ ಒಬ್ಬರ ಗಂಟಲಿಗೆ ಪೆಪ್ಪರ್ಮೆಂಟ್ ಸಿಕ್ಕಿ ಕೆಮ್ಮಿದರು. ಪಾದ್ರಿ ಮುಂದುವರಿಸಿದರು. ಈಸಾಕನ ಮೊಣಕಾಲಿಗೆ ಒಂದು ಪ್ರಾರ್ಥನೆ. ಅವನ ಮಂದ ಕಿವಿಗೆ ಒಂದು, ಮೂರು ವರ್ಷದಿಂದ ಬಕೆಟ್ ಅನ್ನುವ ಶಬ್ದ ಅದಕ್ಕೆ ಕೇಳಿಸಿಲ್ಲವಂತೆ. ಕೆಲಸ ಹೋದ ಲೆನಾ ತನ್ನ ಕೆಮ್ಮು ಈಗ ವಾಸಿ ಎಂದು ತಿಳಿಸಿ, ಧಣಿಗೂ ಅಂಥ ದೀರ್ಘ ವಿಶ್ರಾಂತಿ ಸಿಗಲೆಂದು ಬೇಡಿದ್ದಳು.

"ಸಾಕು! ನಿಲ್ಲಿಸಿ!" ಈಸಾಕ್ ಎದ್ದು ನಿಂತ. ಅವನ ಮುಖ ನಾವು ಯಾವ ಬೀಟ್‌ರೂಟಿನಲ್ಲೂ ತಂದುಕೊಳ್ಳದ ಬಣ್ಣಕ್ಕೆ ತಿರುಗಿತ್ತು.

ಪಾದ್ರಿ ಪುಸ್ತಕವನ್ನು ಮುಖಕ್ಕೆ ಅಡ್ಡವಾಗಿ ಎತ್ತಿ ಹಿಡಿದರು. ಹೆದರಿಕೆಯಿಂದ ಅಂದುಕೊಂಡೆ. ಈಗ ಯೋಚಿಸಿದರೆ ನಗು ಮುಚ್ಚಿಕೊಳ್ಳಲು ಇರಬೇಕು. "ಹಿರಿಯರೇ, ನಿಮ್ಮದೇ ಕಟ್ಟಳೆ. ಒಂದಕ್ಷರ ಬಿಡೋ ಹಾಗಿಲ್ಲ. ಇನ್ನೂ ಹದಿನೇಳಿವೆ."

ಹದಿನೇಳನ್ನೂ ಓದಿದರು. ಕೊನೆಯದು ಡೀನಾಳದು: "ನನ್ನ ಗಂಡನಿಗೆ ವಿಶ್ರಾಂತಿ ಕೊಡು, ಕರ್ತನೇ. ಆದರೆ ಮನೆಯಲ್ಲಿ ಬೇಡ."

ನಮ್ಮ ಚರ್ಚಿನಲ್ಲಿ ನಗುವವರಿಲ್ಲ. ಅವತ್ತು ಬೆಂಚುಗಳು ಅಲುಗಾಡಿದವು, ಅಷ್ಟು ಮಾತ್ರ ಹೇಳಬಲ್ಲೆ.

ಸೋಮವಾರ ಬೆಳಿಗ್ಗೆ ಈಸಾಕ್ ಗೇಟಿನಲ್ಲಿ ಬುಟ್ಟಿ ಹಿಡಿದು ನಿಂತೇ ಇದ್ದ. ಮಾನ ಹೋದರೂ ಹಟ ಹೋಗಿರಲಿಲ್ಲ. ದೋಣಿ ನಿಲ್ಲುವ ದಕ್ಕೆಯಲ್ಲಿ ಮೂರು ದೋಣಿಗಳ ಮೀನು ಬಂದು ಬಿದ್ದಿತ್ತು.

"ಪೀಟರ್ನೆಲ್ಲಾ, ಇಡೀ ಸಭೆ ನಿನಗಾಗಿ ಪ್ರಾರ್ಥಿಸಿದೆ. ಮನೆಗೆ ಹೋಗು. ಬೀಗದ ಕೈ ವಾರದೊಳಗೆ ಕೊಡು."

ಪೀಟರ್ನೆಲ್ಲಾಳ ಕೈಯಲ್ಲೂ ಒಂದು ಬುಟ್ಟಿ ಇತ್ತು. ಲೆನಾಳ ಮೇಣದಬತ್ತಿ, ಮಾಯ್ಕೆಯ ಖಾಲಿ ಬಿಸ್ಕತ್ತು ಡಬ್ಬಿ, ಅದ್ರಿಯಾನಾಳ ಹೊತ್ತಗೆ. ಅದನ್ನು ಅವನ ಕಾಲ ಬಳಿ ಇಟ್ಟಳು.

"ನಿಮ್ಗೂ ಪ್ರಾರ್ಥನೆ ಆಗಿದೆ ಧಣಿ. ನೀವೇ ಆಮೆನ್ ಅಂದ್ರಿ. ಹೋಗೋದಾದ್ರೆ ಇಬ್ರೂ ಹೋಗೋಣ. ಇಲ್ಲಾಂದ್ರೆ ನಾನು ಹೋಗಲ್ಲ."

"ಏನಂದೆ?"

"ಹೋಗಲ್ಲ ಅಂದೆ."

ಇಪ್ಪತ್ತು ವರ್ಷದಲ್ಲಿ ಆ ಗೇಟಿನಲ್ಲಿ ಯಾರೂ ಹಾಗಂದಿರಲಿಲ್ಲ. ನಾವೆಲ್ಲ ಕೈಗಳನ್ನು ಏಪ್ರನ್ನಿನೊಳಗೆ ಸೇರಿಸಿ ನಿಂತೆವು. ಯಾರೂ ಒಳಗೆ ಹೋಗಲಿಲ್ಲ. ದಕ್ಕೆಯಲ್ಲಿ ಐಸು ಕರಗುತ್ತಿತ್ತು, ದೋಣಿಯವರು ಕೂಗುತ್ತಿದ್ದರು. ಈಸಾಕ್ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದ.

"ಬನ್ನಿ, ಮೊದಲು ಪ್ರಾರ್ಥಿಸೋಣ. ದೇವರು ದಾರಿ ತೋರಿಸ್ತಾನೆ."

"ಆಗ್ಲಿ ಧಣಿ" ಅಂದಳು ಪೀಟರ್ನೆಲ್ಲಾ. ತನ್ನೆರಡು ಕೈಗಳಲ್ಲಿ ಅವನ ಕೈಗಳನ್ನು ಹಿಡಿದುಕೊಂಡಳು. "ಅಯ್ಯೋ ಪಾಪ, ಎಷ್ಟು ಬೆಚ್ಚಗಿದೆ! ಬನ್ನಿ, ನಾವು ದಿನಾ ಪ್ರಾರ್ಥಿಸೋ ಜಾಗದಲ್ಲೇ ಪ್ರಾರ್ಥಿಸೋಣ."

ಪ್ರಾರ್ಥನೆಗೆ ಬರಲ್ಲ ಎಂದು ಸಭೆಯ ಹಿರಿಯ ಇಪ್ಪತ್ತೆರಡು ಜನರ ಎದುರಿಗೆ ಹೇಳುವುದು ಹೇಗೆ? ಬಂದ. ಅವಳು ಅವನನ್ನು ತನ್ನ ಮೇಜಿಗೆ ಕರೆತಂದು, ಹಿಡಿದ ಕೈ ಬಿಡದೆ ನಾಲ್ಕೂ ಕೈಗಳನ್ನು ಐಸುನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಅವನ ಕೋಟಿನ ತೋಳೂ ಮುಳುಗಿತು. ನಾವು ಸುತ್ತ ನಿಂತು ಪ್ರಾರ್ಥನೆ ಶುರುಮಾಡಿದೆವು. ಬೇಗ ಹೇಳಲಿಲ್ಲ, ನಿಧಾನವಾಗಿಯೂ ಹೇಳಲಿಲ್ಲ. ಮೀನು ಜಾಲಾಡುವಾಗ ಹೇಳುವಂತೆಯೇ ಹೇಳಿದೆವು.

ಎರಡನೆಯ ಸಾಲಿಗೆ ಅವನ ತುಟಿ ನಿಂತಿತು. ಮೂರನೆಯದಕ್ಕೆ ಮುಖ ಕಿವುಚಿದ. ಅಂದಂದಿನ ರೊಟ್ಟಿ ಕೊಡು ಎಂದು ದೇವರನ್ನು ಕೇಳುವ ನಡುವಿನ ಸಾಲಿಗೆ ಬರುವ ಮುಂಚೆಯೇ "ಅಮ್ಮಾ!" ಎಂದು ಚೀರಿ ಕೈ ಕಿತ್ತುಕೊಂಡ. ಕೆಂಪಗಾದ ಬೆರಳುಗಳನ್ನು ಕಂಕುಳಲ್ಲಿ ಅವುಚಿಕೊಂಡು ಕುಣಿದ.

ಪೀಟರ್ನೆಲ್ಲಾಳ ಕೈ ನೀರೊಳಗೇ ಇತ್ತು. ನಾವು ಪ್ರಾರ್ಥನೆ ಮುಗಿಸಿದೆವು. ಆಮೆನ್ ಆದ ಮೇಲೆ ಅವಳು ಕೈ ತೆಗೆದು, ಅವನ ಕೋಟಿಗೇ ಒರೆಸಿದಳು.

"ಇಪ್ಪತ್ತು ವರ್ಷದಿಂದ ಆಮೆನ್ ತನಕ ಹೇಳ್ತಿದೀನಿ ಧಣಿ. ನಿಮ್ಗೆ ರೊಟ್ಟಿ ತನಕಾನೂ ಆಗ್ಲಿಲ್ವಲ್ಲ."

ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬೀಗದ ಕೈಯ ಮಾತು ಮತ್ತೆ ಬರಲಿಲ್ಲ. ಪೀಟರ್ನೆಲ್ಲಾ ಚಾಕು ಎತ್ತಿಕೊಂಡಳು. ನಾವೂ ಎತ್ತಿಕೊಂಡೆವು.

ಬುಧವಾರ ಬಿಸಿನೀರಿನ ಬಕೆಟ್ ಬಂತು. ಹಬೆಗೆ ಇಲ್ಲಿಯವರೆಗೆ ಒಂದು ಮೀನೂ ಹಳಸಿಲ್ಲ. ಈಸಾಕ್ ಈಗ ಯಾರ ಕೈಯನ್ನೂ ಹಿಡಿಯುವುದಿಲ್ಲ, ತನ್ನೆರಡು ಕೈಗಳನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ. ಆದರೆ ಒಂದು ಬಕೆಟ್, ಇಪ್ಪತ್ತೆರಡು ಜೋಡಿ ಕೈ. ಲೆನಾಳನ್ನೂ ಉಳಿದಿಬ್ಬರನ್ನೂ ಇನ್ನೂ ವಾಪಸ್ಸು ಕರೆದಿಲ್ಲ.

ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ. ನಿನ್ನೆ ಶನಿವಾರ, ಪೆನ್ಸಿಲು ಕೆತ್ತಿಟ್ಟು ಬಂದಿದ್ದೇನೆ.